ವಿಮಾನದ ಹಿಡಿ, ಮಾರ್ಟಳ್ಳಿ ಬಸ್ಸು

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದೆ ಕುಶನ್ ಅಂಗಡಿ ಇಟ್ಟಿದ್ದ ದೊಡ್ಡಮಾದಯ್ಯನ ಕೆಲಸದ ಮೇಲೆ ಇಪ್ಪತ್ತೆರಡು ವರ್ಷದಿಂದ ಜನ ಕೂರುತ್ತಲೇ ಬಂದಿದ್ದರು. ಬಸ್ಸಿನ ಸೀಟು, ಸ್ಕೂಟರಿನ ಸೀಟು, ಕಚೇರಿಯ ಕುರ್ಚಿ. ಕೂರುವ ಮುಂಚೆ ಯಾರೂ ಹೊಲಿಗೆ ನೋಡಿದವರಲ್ಲ, ಎದ್ದ ಮೇಲೂ ತಿರುಗಿ ನೋಡಿದವರಲ್ಲ. ಆದ್ದರಿಂದ ೧೯೯೭ರ ಜೂನ್‌ನಲ್ಲಿ ಯಳಂದೂರಿನ ಶಿವರುದ್ರಸ್ವಾಮಿ ಒಂದು ಬಿಸ್ಕತ್ ಡಬ್ಬಿ ತಂದು, "ಇದನ್ನ ಗಾಜಿನೊಳಗೆ ಇಡ್ತಾರೆ ಮಾದಯ್ಯ. ಜನ ಸಾಲಲ್ಲಿ ನಿಂತು ನೋಡ್ತಾರೆ" ಅಂದಾಗ ಅವನು ತುಟಿಯಲ್ಲಿ ಕಚ್ಚಿದ್ದ ಸೂಜಿ ತೆಗೆದು ಪಕ್ಕಕ್ಕಿಟ್ಟ.

ಸ್ವಾಮಿಯವರು ಮೂವತ್ತೊಂದು ವರ್ಷ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರಾದವರು. ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಹಳೇ ತರಬೇತಿ ವಿಮಾನವೊಂದನ್ನು ಸಿಂಗರಿಸಿ ಕೊಡುವ ಕೆಲಸ ಒಪ್ಪಿಕೊಂಡಿದ್ದರು. ಡಬ್ಬಿಯಲ್ಲಿದ್ದದ್ದು ಅದರ ಕೋಲಿನ ಹಿಡಿ. ಪೈಲಟ್ ವಿಮಾನವನ್ನು ಏರಿಸುವುದು, ಇಳಿಸುವುದು, ವಾಲಿಸುವುದು ಅದನ್ನು ಹಿಡಿದೇ. ಹಿಡಿಗೆ ಸುತ್ತಿದ್ದ ತೊಗಲು ಸುಟ್ಟ ಹಪ್ಪಳದಂತೆ ಪುಡಿಯಾಗಿ ಡಬ್ಬಿಯ ತಳ ಸೇರಿತ್ತು.

"ಹೊಸದಾಗಿ ಕಾಣಬಾರದು" ಅಂದರು ಸ್ವಾಮಿ. "ಬೆಂಗಳೂರಲ್ಲಿ ಒಬ್ಬ ಮರಳು ಕಾಗದ ಉಜ್ಜಿ, ಬೂಟ್ ಪಾಲಿಶ್ ಬಳಿದು ಇದೇ ಹಳೇದು ಅಂದ. ಮುಟ್ಟಿದ್ರೆ ಕೈಯೆಲ್ಲ ಕಪ್ಪು."

"ತೊಗಲಿಗೆ ಕೈ ಬೇಕು ಸಾ. ಬೆವರು ಕುಡೀದೆ ಅದು ಹದಕ್ಕೆ ಬರಾಕಿಲ್ಲ. ಯಾರ ಕೈಲಿತ್ತು ಇದು?"

"ಅವರೆಲ್ಲ ತೀರಿಕೊಂಡ್ರು."

ದೊಡ್ಡಮಾದಯ್ಯ ಒಂದು ರಾತ್ರಿ ಯೋಚಿಸಿದ. ಆಮೇಲೆ ಬಡಗಿಯ ಹತ್ತಿರ ಅದೇ ಅಳತೆಯ ಮರದ ಹಿಡಿ ಮಾಡಿಸಿದ. ಆಡಿನ ತೊಗಲನ್ನು ನೆನೆಸಿ ಅದಕ್ಕೆ ಬಿಗಿದು, ಮೇಣ ತಿಕ್ಕಿದ ರೇಷ್ಮೆ ದಾರದಲ್ಲಿ ಹೊಲಿದು, ಮಾರ್ಟಳ್ಳಿ ಬಸ್ಸಿನ ಡ್ರೈವರ್ ನಾಗಯ್ಯನ ಬಳಿ ಹೋದ. ಗೇರ್ ರಾಡಿನ ಗುಂಡು ಬಿಚ್ಚಿ ಇದನ್ನು ಕೂರಿಸಿದ.

"ಏನ್ಲಾ ಇದು, ನನ್ ಬಸ್ಸಿಗೆ ಬದನೇಕಾಯಿ ಸಿಗಿಸ್ತಿದ್ದೀಯ?"

"ವಿಮಾನದ್ದು ಕಣ್ಲಾ. ನಾಕು ತಿಂಗ್ಳು ಹಿಡ್ಕೊ. ದಿನಾ ಊಟ ಆದ್ಮೇಲೆ ಕೈ ತೊಳ್ಕೊ, ಮರೀಬ್ಯಾಡ."

"ವಿಮಾನಕ್ಕೆ ಅಂದ್ರೆ ತೊಳ್ಕತೀನಿ ಬುಡು."

ನಾಕು ತಿಂಗಳು ಹಿಡಿ ಕೊಳ್ಳೇಗಾಲ, ಹನೂರು, ಮಾರ್ಟಳ್ಳಿ ಅಂತ ದಿನಕ್ಕೆ ಮೂರು ಸಲ ಓಡಾಡಿತು. ದೊಡ್ಡಮಾದಯ್ಯ ಸಂಜೆ ಸಂಜೆ ಬಸ್ಸು ಹತ್ತಿ ಮೂಸಿ ನೋಡಿ ಇಳಿಯುತ್ತಿದ್ದ. ಅಕ್ಟೋಬರ್ ಹೊತ್ತಿಗೆ ತೊಗಲು ಬೆಲ್ಲದ ಬಣ್ಣಕ್ಕೆ ಬಂದು, ಬೆರಳು ಕೂರುವ ಕಡೆ ತಗ್ಗು ಬಿದ್ದು, ಹೆಬ್ಬೆರಳಿನ ಜಾಗ ಮಿರಮಿರ ಮಿಂಚತೊಡಗಿತು. ಅವನು ತನ್ನ ಜನ್ಮದಲ್ಲಿ ಇಂಥದ್ದನ್ನು ಮಾಡಿರಲಿಲ್ಲ. ಹೆಂಡತಿ ಚಿಕ್ಕನಿಂಗಮ್ಮನಿಗೆ ತೋರಿಸಿದ. ಅವಳು, "ಚೆನ್ನಾಗದೆ. ಇದರ ಮೇಲೆ ಯಾರು ಕೂರದು?" ಅಂದಳು.

ಪ್ರದರ್ಶನಕ್ಕೆ ಒಂದು ತಿಂಗಳಿರುವಾಗ ಸ್ವಾಮಿಯವರು ಬಂದರು. ಹಿಡಿಯನ್ನು ಬಲಗೈಯಲ್ಲಿ ಹಿಡಿದರು. ಬಿಟ್ಟರು. ಎಡಗೈಯಲ್ಲಿ ಹಿಡಿದರು. ಚಪ್ಪಲಿಗೆ ಕಾಲು ಹೋದಂತೆ ಕೂತಿತು.

"ಮಾದಯ್ಯ, ಗೇರು ಯಾವ ಕೈಲಿ ಹಾಕ್ತಾರೆ?"

"ಎಡಗೈಲಿ ಸಾ." ಹೇಳುತ್ತಿದ್ದಂತೆಯೇ ಅವನು ತನ್ನ ಎಡಗೈ ನೋಡಿಕೊಂಡ.

"ಪೈಲಟ್ ಈ ಕೋಲು ಹಿಡಿಯೋದು ಬಲಗೈಲಿ. ನೋಡೋಕೆ ಬರೋರಲ್ಲಿ ಅರ್ಧ ಜನ ಅವರೇ. ಕಂಡ ಕೂಡಲೆ ಗೊತ್ತಾಗ್ತದೆ."

ದೊಡ್ಡಮಾದಯ್ಯ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ. ಬಾಳೆಹಣ್ಣಿನವಳು ಕೂಗುತ್ತಿದ್ದಳು. ಗಾಜು, ಸಾಲು, ನೋಡುವ ಜನ ಎಲ್ಲ ಕೈಬಿಟ್ಟು ಹೋಗುತ್ತಿರುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅಷ್ಟರಲ್ಲಿ ಮಾರ್ಟಳ್ಳಿ ಬಸ್ಸು ಬಂದು ನಿಂತಿತು. ಡ್ರೈವರಿನ ಎಡಕ್ಕೆ, ಎಂಜಿನ್ನಿನ ಬಾನೆಟ್ಟಿನ ಮೇಲೆ, ಯಾರೋ ಒಬ್ಬ ಕೂತು ಬಂದಿದ್ದ. ಅವನ ಬಲಗೈ ಗೇರ್ ರಾಡಿನಿಂದ ಒಂದು ಗೇಣು ದೂರದಲ್ಲಿತ್ತು.

"ಸಾ," ಅಂದ ದೊಡ್ಡಮಾದಯ್ಯ, "ನಿಮಗೆ ಬೆವರು ಬತ್ತದಾ?"

ಎರಡನೇ ದಿನಕ್ಕೆ ಹೊಸ ತೊಗಲು ಸಿದ್ಧವಾಯಿತು. ಮೂರನೇ ದಿನದಿಂದ ಸ್ವಾಮಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಬಾನೆಟ್ಟಿನ ಮೇಲೆ ಕೂತರು. ನಾಗಯ್ಯ ಕ್ಲಚ್ ತುಳಿದು, "ಎರಡು ಸಾ" ಅನ್ನುತ್ತಿದ್ದ. ಸ್ವಾಮಿಯವರು ಎರಡಕ್ಕೆ ಎಳೆಯುತ್ತಿದ್ದರು. "ಮೂರು ಸಾ. ಮೆಲ್ಲಗೆ, ಅದು ಎಮ್ಮೆ ಅಲ್ಲ."

ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು: "ಇದೇನ್ ನಾಗಯ್ಯ, ಇಬ್ರು ಸೇರ್ಕಂಡು ಓಡಿಸ್ತಿದ್ದೀರ?"

"ಆ ಸಾ ವಿಮಾನದೋರು ಕಣಮ್ಮೋ."

"ಮತ್ತೆ ಇನ್ನೂ ಹನೂರೇ ಬರ್ಲಿಲ್ವಲ್ಲ?"

ಸ್ವಾಮಿಯವರು ತಿರುಗಿ ನೋಡಲಿಲ್ಲ. ಮೂವತ್ತೊಂದು ವರ್ಷ ಅಂಥ ಕೋಲುಗಳಿಗೆ ಎಣ್ಣೆ ಬಿಟ್ಟಿದ್ದೇನೆ, ಓಡುವಾಗ ಹಿಡಿದದ್ದು ಇದೇ ಮೊದಲು ಅಂತ ಒಮ್ಮೆ ದೊಡ್ಡಮಾದಯ್ಯನಿಗೆ ಹೇಳಿದ್ದರು. ಅವರ ಕೈ ಮಳೆಗಾಲದ ಗೋಡೆಯಂತೆ ಬೆವರುತ್ತಿತ್ತು. ನಾಗಯ್ಯನ ಕೈ ನಾಕು ತಿಂಗಳಲ್ಲಿ ಮಾಡಿದ್ದನ್ನು ಆ ಕೈ ಇಪ್ಪತ್ತೈದು ದಿನದಲ್ಲಿ ಮಾಡಿತು. ದೊಡ್ಡಮಾದಯ್ಯ ಆ ತೊಗಲನ್ನು ಮರದಿಂದ ಬಿಚ್ಚಿ ವಿಮಾನದ ಹಿಡಿಗೆ ಹೊಲಿದ. ಎಡಗೈ ತೊಗಲನ್ನು ನಾಗಯ್ಯ ಯಾರಿಗೂ ಕೊಡಲಿಲ್ಲ. ಅದು ಮತ್ತೆ ಅವನ ಗೇರಿಗೇ ಹೋಯಿತು.

ಪ್ರದರ್ಶನದ ಮೊದಲ ಭಾನುವಾರ ದೊಡ್ಡಮಾದಯ್ಯ ಬೆಂಗಳೂರಿಗೆ ಹೋದ. ವಿಮಾನಕ್ಕೆ ಒರಗಿಸಿದ ಮರದ ಮೆಟ್ಟಿಲು ಹತ್ತಿ, ಗಾಜಿನೊಳಗೆ ಬಗ್ಗಿ ನೋಡಬೇಕಿತ್ತು. ಸಾಲು ದೊಡ್ಡದಿತ್ತು. ಅವನ ಸರದಿ ಬಂದಾಗ ನೋಡಿದ. ಹಿಡಿ ನಡುವೆ ನೆಟ್ಟಗೆ ನಿಂತಿತ್ತು. ಹೊಲಿಗೆ ಒಂದೂ ಎದ್ದಿರಲಿಲ್ಲ. ಹೆಬ್ಬೆರಳಿನ ಜಾಗದಲ್ಲಿ ದೀಪದ ಬೆಳಕು ಬಿದ್ದಿತ್ತು. ಅವನು ಕೆಳಗಿಳಿದ; ಆದರೆ ಹೋಗಲಿಲ್ಲ, ಮೆಟ್ಟಿಲ ಪಕ್ಕದಲ್ಲೇ ನಿಂತ.

ಮುಂದಿನವನು ಹತ್ತಿದ. ಸಫಾರಿ ತೊಟ್ಟ, ದಪ್ಪ ಮೀಸೆಯ ಮನುಷ್ಯ. ಹಣೆಯನ್ನು ಗಾಜಿಗೆ ಒತ್ತಿ ಬಹಳ ಹೊತ್ತು ನೋಡಿದ. ಆ ಮನುಷ್ಯ ಇಳಿಯುತ್ತಾ ಹೆಂಡತಿಗೆ ಹೇಳಿದ:

"ಸೀಟು ಚೆನ್ನಾಗಿದೆ."

ಸೀಟು ಬೆಂಗಳೂರಿನ ಯಾರದೋ ಕೆಲಸ. ದೊಡ್ಡಮಾದಯ್ಯ ಮತ್ತೆ ಸಾಲಿನ ಕೊನೆಗೆ ಹೋಗಿ, ಮುಕ್ಕಾಲು ಗಂಟೆ ನಿಂತು, ಎರಡನೇ ಸಲ ಹತ್ತಿ ಸೀಟನ್ನು ನೋಡಿದ. ಎಡ ಅಂಚಿನಲ್ಲಿ ಹೊಲಿಗೆ ಸಡಿಲವಾಗಿತ್ತು. ಒಂದು ವರ್ಷವೂ ಬಾಳುವ ಹಾಗಿರಲಿಲ್ಲ. ಯಾರೂ ಕೂರದಿದ್ದರೆ ಬಾಳೀತು ಅಂದುಕೊಂಡು ಇಳಿದು, ಕೊಳ್ಳೇಗಾಲದ ಬಸ್ಸು ಹಿಡಿದ.