ಹಾರ್ನ್ ಇಲ್ಲದ ಲಾರಿ

'ಸೌಂಡ್' ಅನ್ನೋ ಇಂಗ್ಲಿಷ್ ಮಾತು ಬುರ್ಹಾನುದ್ದೀನನ ಹೊಟ್ಟಿ ತುಂಬಿಸ್ತಿತ್ತು. ಮಾನ್ವಿಯೊಳಗ ಲಾರಿಗಳ ಹಿಂದ 'ಸೌಂಡ್ ಹಾರ್ನ್ ಪ್ಲೀಸ್' ಅಂತ ಬರಿಯೋದು ಅವನ ಕಸುಬು. ಮಂದಿ ಆ ಮಾತನ್ನ ಎಲ್ಲೆಲ್ಲಿಗೋ ಎಳೀತಿದ್ರು ಬಿಡ್ರಿ. ರೊಕ್ಕಿದ್ದಾಂವ 'ಸೌಂಡ್ ಪಾರ್ಟಿ'. ಬಾಯಿ ಮುಚ್ಚು ಅನ್ನಾಕ 'ಸೌಂಡ್ ಮಾಡಬ್ಯಾಡ'. ಅಕ್ಕಿ ಗಿರಣಿ ವಿರೂಪಣ್ಣ ಭಾರಿ ಸೌಂಡ್ ಪಾರ್ಟಿ.

ಎಪ್ಪತ್ತೆಂಟರ ಬ್ಯಾಸಗ್ಯಾಗ ವಿರೂಪಣ್ಣನ ಲಾರಿ ಪೋತ್ನಾಳದಾಗ ಹಿಂದಕ್ಕ ಸರೀತಾ ಬಂದು, ಬುರ್ಹಾನನ ಅಣ್ಣ ಪೀರಾ ಸಾಬನ ಎಡಗಾಲು ನುಜ್ಜುಗುಜ್ಜು ಮಾಡ್ತು. ಅದರ ಹಾರ್ನ್ ಕೆಟ್ಟು ಆರು ತಿಂಗಳಾಗಿದ್ದು ಗಿರಣಿ ಹಮಾಲರಿಗೆಲ್ಲಾ ಗೊತ್ತಿತ್ತು. ಆದ್ರೂ ಪಂಚಾಯ್ತಿಯೊಳಗ ವಿರೂಪಣ್ಣ, "ಹಾರ್ನ್ ಹೊಡದಾರಪಾ, ಇವನೇ ಕಿವುಡ," ಅಂದುಬಿಟ್ಟ. ಬುರ್ಹಾನ ಬಾಯಿ ತೆಗದ್ರ, "ಸೌಂಡ್ ಮಾಡಬ್ಯಾಡಲೇ," ಅಂತ ಗದರಿದ. ಅವತ್ತಿನಿಂದ ಅಣ್ಣ ಎಲ್ಲಾರ ಬಾಯಾಗ 'ಕಿವುಡ ಪೀರಾ' ಆದ. ಕಾಲಿಗಿಂತ ಆ ಹೆಸರೇ ಅವನನ್ನ ತಿಂತಿತ್ತು. ಆ ಹೆಸರು ಅಳಸಿ, ಸೇಡು ತೀರಿಸಿಕೊಳ್ಳೋತನಕ ಬುರ್ಹಾನಗ ಉಂಡ ಕೂಳು ಮೈಗೆ ಹತ್ತಲಿಲ್ಲ.

ಮರುವರ್ಷ ಮುಂಗಾರಿಗೆ ಮುಂಚೆ ಅದೇ ಲಾರಿ ಅವನ ಅಂಗಡಿಗೆ ಬಣ್ಣಕ್ಕ ಬಂತು. ಡ್ರೈವರ್ ಮರಿಸ್ವಾಮಿ ಕೈ ಹೊರಗ ಹಾಕಿ, ಬಾಗಿಲಾ ದಬದಬ ಬಡದು ಮಂದಿನ್ನ ಸರಿಸಾಕತ್ತಿದ್ದ. ಹಾರ್ನ್ ಇನ್ನೂ ಸತ್ತೇ ಅದ ಅಂತ ಬುರ್ಹಾನಗ ತಿಳೀತು.

ಹಿಂದಿನ ಹಲಗಿ ಮ್ಯಾಲ ಗಟ್ಟಿ ಪೇಂಟಿನಾಗ ಬರದ: 'ಈ ಲಾರಿಗೆ ಹಾರ್ನ್ ಇಲ್ಲ. ಪೀರಾ ಸಾಬ್ ಕಿವುಡ ಅಲ್ಲ.' ಅದು ಒಣಗಿದ ಮ್ಯಾಲ ನೀರಾಗ ಕಲಸಿದ ಬಣ್ಣ ಬಳದು ಮುಚ್ಚಿದ. ಮ್ಯಾಲ ಅದೇ ನೀರಬಣ್ಣದಾಗ 'ಸೌಂಡ್ ಹಾರ್ನ್ ಪ್ಲೀಸ್'. ವಿರೂಪಣ್ಣ ನೋಡಿ ಭೇಷ್ ಅಂದ.

ಮೊದಲ ಮಳಿ ದೇವದುರ್ಗದಾಗ ಹೊಡೀತು, ನೀರಬಣ್ಣ ತೊಳದು ಹೋತು. ಸಂತಿ ಮಂದಿಯೆಲ್ಲಾ ಓದಿದ್ರು. ಅಲ್ಲಿಂದ ರಾಯಚೂರಿನತನಕ ಲಾರಿ ಓದಿಸಿಕೊಂತ ಹೋತು. ಮರಿಸ್ವಾಮಿಗೆ ಅಕ್ಷರ ಬರ್ತಿರಲಿಲ್ಲ, ಮಂದಿ ನಕ್ಕರ ತಾನೂ ನಗ್ತಿದ್ದ.

ಲಾರಿ ಮಾನ್ವಿಗೆ ತಿರುಗಿ ಬಂದ ಕೂಡಲೇ ವಿರೂಪಣ್ಣ ಅದನ್ನ ಅಂಗಡಿ ಮುಂದ ತರಿಸಿದ. ಹಿಂದ ಅರ್ಧ ಊರು ಬಂತು.

"ಅಳಸಲೇ ಅದನ್ನ," ಅಂದ.

"ಸುಳ್ಳಿದ್ರ ಈಗಿಂದೀಗ ಅಳಸ್ತೀನ್ರಿ," ಅಂದ ಬುರ್ಹಾನ. "ಒಮ್ಮಿ ಹಾರ್ನ್ ಹೊಡಸ್ರಿ."

ಮರಿಸ್ವಾಮಿ ಸಾವಕಾರನ ಮುಖ ನೋಡಿದ, ಮಂದಿ ಮುಖ ನೋಡಿದ, ಹಾರ್ನ್ ಒತ್ತಿದ. ಮತ್ತೊಮ್ಮಿ ಒತ್ತಿದ. ಬರೇ ಗುಂಡಿ ಟಕ್ ಅಂತು.

ಅಂಗಡಿ ಬಾಕಿನ ಮ್ಯಾಲ ಕೂತಿದ್ದ ಪೀರಾ ಸಾಬ್ ಕೋಲೂರಿ ಎದ್ದ.

"ನಾನಂತೂ ಕಿವುಡ ಅದೀನಿ. ನಿಮಗ ಕೇಳಿಸ್ತೇನ್ರಿ, ಸಾವಕಾರ್ರ?"