ಅಧ್ಯಕ್ಷನಿಗೆ ಮತವಿಲ್ಲ

ನಾಲ್ವರೂ ಸೇರಿ ಒಮ್ಮೆ ಲಾಸ್ ವೇಗಸ್‌ಗೆ ಹೋಗಿಬರೋಣ ಎಂಬ ಮಾತು ನಮ್ಮಲ್ಲಿ ಶುರುವಾದಾಗ ವೆಂಡೆಲ್‌ನ ತಲೆಯಲ್ಲಿ ಕೂದಲಿತ್ತು. ಈಗ ಆ ತಲೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತದೆ. ನಾವು ಮಾತ್ರ ಪೆನ್ಸಿಲ್ವೇನಿಯಾದ ಈ ಕಣಿವೆ ಬಿಟ್ಟು ಕದಲಿಲ್ಲ. ಒಬ್ಬೊಬ್ಬರಾಗಿ ಹೋಗಿದ್ದೇವೆ, ಇಬ್ಬಿಬ್ಬರಾಗಿ ಹೋಗಿದ್ದೇವೆ, ನಾಲ್ವರೂ ಒಟ್ಟಿಗೆ ಹೋದದ್ದಿಲ್ಲ. ಊರಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಗಾಡಿ ಹತ್ತುವವರು ನಾವು ನಾಲ್ವರೇ.

ಹೆಸರಿಗೆ ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಇನ್ನೂ ಐದಾರು ಜನ ಇದ್ದಾರೆ. ಠಾಣೆಯ ಖರ್ಚಿಗೆಂದು ಕೋಳಿ ಸುಟ್ಟು ಮಾರುವ ದಿನ ಅವರು ತಪ್ಪದೆ ಬರುತ್ತಾರೆ, ಬೆಂಕಿ ಬಿದ್ದ ದಿನ ಅವರಿಗೆ ಸೊಂಟ ನೋವು. ಇದು ಸಂಬಳದ ಕೆಲಸವೂ ಅಲ್ಲ. ನಾನು ಮಿಲ್ಟ್, ಮನೆ ಬೆಚ್ಚಗಿಡುವ ಹೀಟರ್‌ಗಳ ರಿಪೇರಿ ನನ್ನ ಹೊಟ್ಟೆಪಾಡು. ವೆಂಡೆಲ್‌ನದು ಮಾಂಸದಂಗಡಿ. ಓರಿ ಶಾಲೆಯ ಬಸ್ಸು ಓಡಿಸುತ್ತಾನೆ. ನಮ್ಮೆಲ್ಲರಿಗಿಂತ ಹಿರಿಯ ಡಾಯ್ಲ್ ಕಾಗದದ ಗಿರಣಿಯಿಂದ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಬೆಳಗಾಗುತ್ತಲೇ ಠಾಣೆಗೆ ಬಂದು ಕಾಫಿ ಕಾಯಿಸಿ, ಹೊಳೆಯುವುದನ್ನೇ ಮತ್ತೆ ಉಜ್ಜುತ್ತಾ ಕೂರುತ್ತಾನೆ. ನಾಲ್ವರ ಸೊಂಟದಲ್ಲೂ ಒಂದೊಂದು ಪೇಜರ್. ಅದು ಕಿರುಚಿತೆಂದರೆ ಅರ್ಧ ಬೋಳಿಸಿದ ಗಡ್ಡ, ಅರ್ಧ ತಿಂದ ಊಟ, ಅರ್ಧ ನೋಡಿದ ಸಿನಿಮಾ ಎಲ್ಲ ಅಲ್ಲಲ್ಲೇ. ಈ ಠಾಣೆಗೆ ನಾನೇ ಚೀಫ್. ಇಪ್ಪತ್ತು ವರ್ಷದಿಂದ ನಾನೇ, ಏಕೆಂದರೆ ಬೇರೆ ಯಾರೂ ಒಪ್ಪಿಲ್ಲ.

ಈ ಫೆಬ್ರವರಿಯಲ್ಲಿ ಮಂಜುಗಟ್ಟಿದ ಸೇತುವೆಯ ಮೇಲೆ ಒಂದು ಕಾರು ಮಗುಚಿತು. ಒಳಗಿದ್ದವರು ಮಿಸೆಸ್ ಫೌಸ್ಟ್, ನನಗೆ ಮಗ್ಗಿ ಕಲಿಸಿದ ಮೇಷ್ಟ್ರಮ್ಮ. ಬಾಗಿಲು ಕತ್ತರಿಸಿ ಎತ್ತಿಕೊಂಡೆ. "ಮಿಲ್ಟನ್, ಮನೆಗೆ ಹೋಗ್ಬೇಕು ಕಣಪ್ಪ," ಎಂದರು. ಆಂಬುಲೆನ್ಸ್ ಬರುವಷ್ಟರಲ್ಲಿ ನನ್ನ ತೋಳಲ್ಲೇ ಹೋಗಿಬಿಟ್ಟರು. ಸಣ್ಣ ಊರಿನ ಹಣೆಬರಹವೇ ಇದು, ಎಳೆದು ತೆಗೆಯುವ ಪ್ರತಿ ಮುಖವೂ ಗೊತ್ತಿರುವ ಮುಖ. ಅಂದಿನಿಂದ ಪೇಜರ್ ಕೂಗಿದರೆ ಇವತ್ತು ಯಾರೋ ಎಂಬುದೇ ನನ್ನ ಮೊದಲ ಯೋಚನೆ. ಜನವರಿಯಲ್ಲಿ ಠಾಣೆಯ ಚೀಫ್ ಚುನಾವಣೆಗೆ ನಿಲ್ಲುವುದಿಲ್ಲ, ಎಲ್ಲ ಬಿಟ್ಟುಬಿಡುತ್ತೇನೆ ಎಂದು ಹೆಂಡತಿ ಡಾರ್ಲಾಗೆ ಹೇಳಿದೆ.

"ನಂಗ್ಯಾಕೆ ಹೇಳ್ತೀಯಾ? ಆ ಮೂವರಿಗೆ ಹೇಳು," ಎಂದಳು.

ಅದೇ ಆಗದ ಮಾತು. ಠಾಣೆಯೊಳಗೆ ಕಾಲಿಟ್ಟರೆ ಗೋಡೆಯ ಮೇಲೆ ಹೆಸರು ಬರೆದ ನಾಲ್ಕು ಹೆಲ್ಮೆಟ್ಟು. ನಾನು ಬಿಟ್ಟರೆ ಮೂರು ಜನರಿಂದ ಠಾಣೆ ನಡೆಯುವುದಿಲ್ಲ, ಬೀಗ ಬೀಳುತ್ತದೆ, ಆಮೇಲೆ ಬೆಟ್ಟದಾಚೆಯಿಂದ ಗಾಡಿ ಬರುವತನಕ ಊರು ಉರಿಯುತ್ತಿರಬೇಕು. ಇದು ನಮ್ಮ ನಾಲ್ವರಿಗೂ ಗೊತ್ತು. ಎಷ್ಟೋ ಸಲ ಬಾಯಿ ತೆರೆದೆ, ತೆರೆದ ಬಾಯಿಂದ "ಕಾಫಿ ಉಳಿದಿದೆಯೇನ್ರೋ" ಎಂದು ಬಂತು. ಬೇರೊಂದು ಊರು ಬೇಕಿತ್ತು ನನಗೆ. ಪೇಜರ್ ಇಲ್ಲದ, ಗುರುತಿನ ಮುಖವಿಲ್ಲದ ಊರಲ್ಲಿ, ಕೈಯಲ್ಲೊಂದು ಬಿಯರ್ ಹಿಡಿದು ಹೇಳಿಬಿಡಬೇಕು ಎಂದುಕೊಂಡಿದ್ದೆ.

ಆ ದಾರಿ ತೆರೆದವಳು ಪಕ್ಕದ ಬರ್ಚ್ ಹಾಲೋ ಠಾಣೆಯ ಚೀಫ್ ಟ್ರೇಸಿ. ಅವರ ಊರಿಗೆ ಹೊಳೆ ನುಗ್ಗಿದಾಗ ನಾವು ಹೋಗಿ ದುಡಿದಿದ್ದೆವು. "ಹಳೇ ಬೂಟ್ ಥರ ಆಗಿದೀರ ನಾಲ್ಕೂ ಜನ. ಅಕ್ಟೋಬರ್‌ನಲ್ಲಿ ಕೊಲಂಬಸ್ ದಿನದ ರಜಕ್ಕೆ ಎಲ್ಲಾದ್ರೂ ಹೋಗ್ಬನ್ನಿ. ಆ ಮೂರು ದಿನ ನಮ್ಮ ಹುಡುಗ್ರು ನಿಮ್ಮ ಠಾಣೆ ನೋಡ್ಕೋತಾರೆ," ಎಂದಳು. ಎಲ್ಲರ ಎದುರಿಗೇ ಅವಳ ಕೈ ಹಿಡಿದು ಕುಲುಕಿದೆ.

ಎಲ್ಲಿಗೆ ಹೋಗುವುದು ಎಂಬುದನ್ನು ಮಂಗಳವಾರದ ಸಭೆಯಲ್ಲಿ ಇಟ್ಟೆವು. ನಮ್ಮಲ್ಲಿ ಎಲ್ಲಕ್ಕೂ ಸಭೆಯ ಕ್ರಮವೇ, ಕಕ್ಕಸಿನ ಬಲ್ಬು ಬದಲಿಸಬೇಕಾದರೂ ಒಬ್ಬ ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಕೈಯೆತ್ತಬೇಕು. ಚೀಫ್ ಆದವನು ಅಧ್ಯಕ್ಷ. ಅವನು ಸೂಚಿಸುವಂತಿಲ್ಲ, ಚರ್ಚಿಸುವಂತಿಲ್ಲ, ಮತ ಸಮವಾಗಿ ಬಿದ್ದರೆ ಮಾತ್ರ ಅವನ ಕೈ ಮೇಲೇಳಬಹುದು. ಸಭೆಗೆ ಬರುವವರು ನಾವು ನಾಲ್ವರು, ಮತ ಹಾಕುವವರು ಮೂವರು. ಮೂರು ಕೈ ಸಮವಾಗುವುದು ಯಾವ ಕಾಲಕ್ಕೆ? ಆ ಹಾಳು ನಿಯಮ ಬರೆದ ಪುಣ್ಯಾತ್ಮ ಯಾರೋ, ಅವನೂ ಯಾರನ್ನೋ ಕಟ್ಟಿಹಾಕಲೆಂದೇ ಬರೆದಿರಬೇಕು.

"ಲಾಸ್ ವೇಗಸ್ ಅಂತ ಸೂಚಿಸ್ತೀನಿ," ಎಂದ ವೆಂಡೆಲ್, ಎದ್ದು ನಿಂತು.

"ಅನುಮೋದನೆ," ಎಂದ ಓರಿ.

ನನ್ನ ಎದೆ ಹಗುರಾಯಿತು. ಆಗ ಡಾಯ್ಲ್ ಗಂಟಲು ಸರಿಮಾಡಿಕೊಂಡ.

"ಚರ್ಚೆ ಇದೆ ಅಧ್ಯಕ್ಷರೇ. ವಿಮಾನದಲ್ಲಿ ಐದು ಗಂಟೆ ದಾರಿ. ಇಲ್ಲಿ ಏನಾದ್ರೂ ಆದ್ರೆ ಪೈಲಟ್‌ಗೆ ಏನಂತೀರ, ಇಲ್ಲೇ ಇಳ್ಸಪ್ಪಾ ಅಂತೀರಾ?"

"ಟ್ರೇಸಿ ಹುಡುಗ್ರು ಇರ್ತಾರಲ್ಲೋ ಮಾರಾಯ!" ಎಂದೆ.

"ಇರ್ತಾರೆ. ಚರ್ಚ್ ಮುಂದೆ ನಾವು ಪೈಪ್ ಹಾಕೋ ನೀರಿನ ಕಂಬ ಉಲ್ಟಾ ತಿರುಗ್ಸಿದ್ರೇನೇ ಬಿಚ್ಚೋದು ಅಂತ ಅವ್ರಿಗೆ ಗೊತ್ತಾ?"

ಓರಿಯ ಮುಖ ಸಪ್ಪಗಾಯಿತು. ಆ ಕಂಬದ ಸಹವಾಸ ಅವನಿಗೆ ಚೆನ್ನಾಗಿ ಗೊತ್ತು.

"ಅದಕ್ಕೇನು, ಒಂದು ಚೀಟಿ ಅಂಟಿಸಿದ್ರಾಯ್ತು," ಎಂದೆ.

"ಅಧ್ಯಕ್ಷರು ಚರ್ಚೆ ಮಾಡೋ ಹಾಗಿಲ್ಲ," ಎಂದ ಡಾಯ್ಲ್, ಬಹಳ ಮರ್ಯಾದೆಯಿಂದ.

ಲಾಸ್ ವೇಗಸ್ ಒಂದಕ್ಕೆ ಎರಡು ಮತದಿಂದ ಬಿತ್ತು. ಮರದ ಸುತ್ತಿಗೆ ಕುಟ್ಟಿ ಅದನ್ನು ಸಾರಿದವನು ನಾನೇ.

ಮುಂದಿನ ಮಂಗಳವಾರ ವೆಂಡೆಲ್ ನ್ಯಾಶ್‌ವಿಲ್ ತಂದ. ಹಾಡು, ಕುಣಿತ, ಬಾಯಿ ಉರಿಯುವ ಖಾರದ ಕೋಳಿ ಎಂದೆಲ್ಲ ಚಪ್ಪರಿಸಿದ. "ದಿನವಿಡೀ ಕಾರಲ್ಲಿ ಕೂತು ನಿನ್ನ ಸೊಂಟ ನೆಟ್ಟಗಿರುತ್ತೇನೋ? ವಾಪಸ್ ಬರೋವಾಗ ನಿನ್ನನ್ನ ಡಿಕ್ಕೀಲಿ ಮಲಗಿಸ್ಕೊಂಡು ಬರ್ಬೇಕಾ?" ಎಂದ ಡಾಯ್ಲ್. ಸೊಂಟದ ಮಾತು ಬಂದ ಮೇಲೆ ವೆಂಡೆಲ್ ತಾನು ತಂದ ಊರಿಗೆ ತಾನೇ ಕೈಯೆತ್ತಲಿಲ್ಲ. ಅದರ ಮುಂದಿನ ವಾರ ಓರಿ ಓಶನ್ ಸಿಟಿಯ ಸಮುದ್ರ ತೀರ ಎಂದ. "ಅಕ್ಟೋಬರ್ ಚಳೀಲಿ ಸಮುದ್ರಕ್ಕೆ ಹೋಗಿ ಏನ್ ಮಾಡ್ತೀಯ, ಮುಖ ತೊಳ್ಕೊಂಡ್ ಬರ್ತೀಯಾ?" ಎಂದ ಡಾಯ್ಲ್. ಅದೂ ಬಿತ್ತು. ಆಮೇಲೆ ಈರಿ ಸರೋವರದಲ್ಲಿ ಮೀನು ಹಿಡಿಯುವುದು ಬಂತು, ಗಾಳಿಗೆ ಹಾರಿಹೋಯಿತು. ಕೊನೆಗೆ ಓರಿಯ ಭಾವಮೈದುನನ ಬೇಟೆ ಗುಡಿಸಲು ಉಳಿಯಿತು. ಬೆಟ್ಟದ ಆ ಮಗ್ಗುಲಲ್ಲಿದೆ, ಅಲ್ಲಿ ಫೋನೂ ಸಿಗುವುದಿಲ್ಲ, ಪೇಜರೂ ಕೂಗುವುದಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ದೇವರೇ ಇದೊಂದು ಉಳಿಯಲಿ ಎಂದು ಮೇಜಿನ ಕೆಳಗೆ ಬೆರಳು ಹೆಣೆದುಕೊಂಡು ಕೂತೆ.

"ಫೋನ್ ಸಿಗಲ್ಲ ಅಂದ್ರೆ ಓರಿ ಹೆಂಡ್ತಿಗೆ ಏನಾದ್ರೂ ಆದ್ರೆ ಯಾರು ಹೇಳ್ತಾರೆ?" ಎಂದ ಡಾಯ್ಲ್. ಓರಿಯ ಹೆಂಡತಿಗೆ ಎತ್ತು ಗುದ್ದಿದರೂ ಏನೂ ಆಗುವುದಿಲ್ಲ. ಆದರೂ ಓರಿ ತಲೆ ತಗ್ಗಿಸಿದ.

ಪ್ರತಿ ಮಂಗಳವಾರದ ವರದಿ ಕೇಳಿ ಡಾರ್ಲಾ ನಗುತ್ತಿದ್ದಳು. "ವಾರವಾರಕ್ಕೂ ಮನೆ ಹತ್ರ ಬರ್ತಿದೀರಲ್ಲ. ಕಡೆಗೆ ನಮ್ಮ ಹಿತ್ಲಿಗೇ ಬರ್ತೀರೇನೋ. ನಾನಂತೂ ಅವತ್ತು ನಮ್ಮಕ್ಕನ ಮನೇಲಿರ್ತೀನಿ, ಮೊದ್ಲೇ ಹೇಳಿದೀನಿ." ಆಮೇಲೆ ನಗು ನಿಲ್ಲಿಸಿ, "ಇನ್ನೂ ಹೇಳಿಲ್ಲ ಅಲ್ವಾ ನೀನು?" ಎಂದಳು. ಎದ್ದು ಹೋಗಿ ಸರಿಯಾಗಿಯೇ ಇದ್ದ ನಲ್ಲಿಯನ್ನು ಬಿಚ್ಚಿದೆ.

ಕೊನೆಯ ಸಭೆಯಲ್ಲಿ ಡಾಯ್ಲೇ ಸೂಚಿಸಿದ. "ಠಾಣೆ ಮಹಡಿ ಮೇಲೆ ಸೋಫಾ ಇದೆ, ಟೀವಿ ಇದೆ, ಮಂಚಗಳಿವೆ. ಕೆಳಗೆ ಸುಡೋಕೆ ಒಲೆ. ಮಾಂಸ ವೆಂಡೆಲ್ ಅಂಗಡೀದು. ಎಲ್ಲಿಗೋ ಹೋಗಿ ಒದ್ದಾಡೋದ್ಯಾಕೆ? ಇಲ್ಲೇ ಮೂರು ದಿನ ಮಜವಾಗಿರೋಣ." ಅನುಮೋದನೆ ಓರಿಯದು. ವೆಂಡೆಲ್ ನನ್ನ ಮುಖ ನೋಡದೆ ಕೈಯೆತ್ತಿದ. ಮೂರಕ್ಕೆ ಮೂರು. ಅಮೆರಿಕ ಎಂಬ ಇಷ್ಟಗಲದ ದೇಶದಲ್ಲಿ ನಮಗೆ ಸಿಕ್ಕಿದ್ದು ನಮ್ಮದೇ ಠಾಣೆಯ ಮಹಡಿ! ಸುತ್ತಿಗೆ ಕುಟ್ಟುವಾಗ ಅದನ್ನು ಡಾಯ್ಲ್‌ನ ತಲೆಯ ಮೇಲೆ ಕುಟ್ಟುವ ಆಸೆ ನಿಜಕ್ಕೂ ಆಯಿತು.

ಆ ಶನಿವಾರ ಟ್ರೇಸಿ ತನ್ನ ಹುಡುಗರನ್ನೂ ಗಾಡಿಯನ್ನೂ ತಂದು ಅಂಗಳದಲ್ಲಿ ನಿಲ್ಲಿಸಿದಳು. ಮಹಡಿ ಹತ್ತುತ್ತಿದ್ದ ನಮ್ಮನ್ನು ನೋಡಿ ಬಾಯಿ ಬಿಟ್ಟಳು. "ಇದಕ್ಕಾ ನಾವು ಬಂದಿದ್ದು?" ಎಂದು ಬೈದು, ನಮ್ಮ ನಾಲ್ಕೂ ಪೇಜರ್ ಕಿತ್ತುಕೊಂಡು ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. "ಗಾಡಿ ಮುಟ್ಟಿದ್ರೆ ನೋಡಿ ಮತ್ತೆ!"

ಮಧ್ಯಾಹ್ನ ಕಾಲೇಜು ಫುಟ್‌ಬಾಲ್ ನೋಡುತ್ತಿದ್ದೆವು. ನಾಲ್ವರೂ ಸೋಫಾದ ತುದಿಯಲ್ಲಿ, ಬಸ್ಸಿಗೆ ಕಾದವರ ಹಾಗೆ. ಆಗ ಛಾವಣಿಯ ಸೈರನ್ ಕೂಗಿತು. ಯಾರು ಮೊದಲು ಎದ್ದರೋ ಗೊತ್ತಿಲ್ಲ, ನಾಲ್ವರೂ ಕೆಳಗೆ ನಮ್ಮ ಗಾಡಿಯ ಪಕ್ಕದಲ್ಲಿದ್ದೆವು. ಅಷ್ಟರಲ್ಲಿ ಟ್ರೇಸಿಯ ಗಾಡಿ ತಿರುವು ದಾಟಿಯಾಗಿತ್ತು. ಡಾಯ್ಲ್ ಒಂದೇ ಬೂಟು ಹಾಕಿಕೊಂಡು ನಿಂತಿದ್ದ.

"ರಜ ಕಣೋ ನಮಗೆ. ಕೂತ್ಕೋ," ಎಂದೆ.

ಅವನು ಬೆಂಚಿನ ಮೇಲೆ ಕೂತ. ಇನ್ನೊಂದು ಬೂಟನ್ನು ಕೈಯಲ್ಲಿ ತಿರುಗಿಸುತ್ತಾ, "ಹೇಳ್ಬಿಡು ಮಿಲ್ಟ್," ಎಂದ.

"ಏನನ್ನ?"

"ಫೆಬ್ರವರಿಯಿಂದ ನಿನ್ನ ಹೆಲ್ಮೆಟ್ ನೀನು ತೊಳ್ದಿಲ್ಲ. ನಾನೇ ತೊಳೀತಿದೀನಿ. ಬಿಡ್ತೀಯ ಅಂತ ಅವತ್ತೇ ಗೊತ್ತಾಯ್ತು. ಬೇರೆ ಊರಿಗೆ ಕರ್ಕೊಂಡು ಹೋದ್ರೆ ಹೇಳ್ಬಿಡ್ತೀಯ, ಈ ನಾಲ್ಕು ಗೋಡೆ ಒಳಗೆ ನಿನ್ನ ಬಾಯಿಂದ ಬರಲ್ಲ. ಅದಕ್ಕೇ ಎಳ್ಕೊಂಡ್ ಎಳ್ಕೊಂಡ್ ಇಲ್ಲಿಗೆ ತಂದೆ."

ಓರಿ, ವೆಂಡೆಲ್‌ರ ಕಡೆ ತಿರುಗಿದೆ. ಇಬ್ಬರೂ ನೆಲ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು.

ಮೈಯೆಲ್ಲ ಹೊತ್ತಿಕೊಂಡಿತು. "ಕೂಡಿಹಾಕಿದ್ರಲ್ಲೋ ನನ್ನನ್ನ! ದನ ಕೂಡೋ ಹಾಗೆ! ನಾನೇನು ನಿಮಗೆ ಮಾಡ್ಬಾರದ್ದು ಮಾಡಿದ್ದೆ?"

"ಏನೂ ಮಾಡಿಲ್ಲ," ಎಂದ ಡಾಯ್ಲ್. "ನೀನು ಹೋದ್ರೆ ಇದಕ್ಕೆ ಬೀಗ. ಬೀಗ ಬಿದ್ರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ ಹೇಳು. ಮನೇಲಿ ಅವಳ ಕುರ್ಚಿ ಇದೆ, ಅಷ್ಟೇ. ಹೆದರ್ಕೊಂಡೆ ಕಣೋ. ತಪ್ಪೇ, ಆದ್ರೂ ಹೆದರ್ಕೊಂಡೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅದು ಹೋದ ಜಾಗದಿಂದ ಮಾತು ತಾನಾಗಿ ಬಂತು. "ಜನವರೀಲಿ ಬಿಡ್ತೀನಿ. ಆಗ್ತಿಲ್ಲ ಕಣ್ರೋ. ಗೊತ್ತಿರೋ ಮುಖಗಳನ್ನ ಎತ್ತೋಕೆ ನನ್ ಕೈಲಿ ಇನ್ನು ಆಗಲ್ಲ." ಹೇಳುವಾಗ ಅತ್ತೆ. ಮೂವರಲ್ಲಿ ಒಬ್ಬನೂ ತಮಾಷೆ ಮಾಡಲಿಲ್ಲ. ವೆಂಡೆಲ್ ಮಾತ್ರ ಜೇಬಿನಿಂದ ಕರವಸ್ತ್ರ ತೆಗೆದು, ಅದರಲ್ಲಿ ಮಾಂಸದ ವಾಸನೆಯಿದೆ ಎಂದು ಮತ್ತೆ ಒಳಗಿಟ್ಟುಕೊಂಡ.

ಗೋಡೆಯ ರೇಡಿಯೊದಲ್ಲಿ ಟ್ರೇಸಿಯ ದನಿ ಬಂತು. ಹಿಂದೆ ಏನೋ ಸಿಡಿಯುವ ಸದ್ದು. "ಠಾಣೇಲಿದೀರಾ? ಹುಲ್ಲಿನ ಕಣಜ ಪೂರ್ತಿ ಹತ್ಕೊಂಡಿದೆ, ಮನೆ ಕಡೆ ತಿರುಗ್ತಿದೆ. ರಜ ಗಿಜ ಎಲ್ಲ ಆಮೇಲೆ. ಎಷ್ಟು ಜನ ಬರ್ತೀರ?"

ಆ ರೇಡಿಯೊಗೆ ಉತ್ತರ ಕೊಡುವವನು ಯಾವತ್ತೂ ನಾನೇ. ಕೈ ತಾನಾಗಿ ಮೇಲೆದ್ದಿತು. ಆದರೆ ಡಾಯ್ಲ್ ಎದ್ದು, ನನ್ನನ್ನು ಮೆಲ್ಲಗೆ ಬದಿಗೆ ಸರಿಸಿ, ಮೈಕು ತೆಗೆದುಕೊಂಡ.

"ಮೂರು ಜನ. ಹೊರಟ್ವಿ," ಎಂದ.

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುಮಾತೂ ಆಗಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಎರಡನೇ ಬೂಟು ಹಾಕಿಕೊಂಡ. ಓರಿ ಸ್ಟೀರಿಂಗ್ ಹಿಡಿದ. ವೆಂಡೆಲ್ ನನ್ನ ಸೀಟಿನ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಹತ್ತಿ ಕೂತ. ದೊಡ್ಡ ಬಾಗಿಲಿನ ಗುಂಡಿ ಒತ್ತಿದವನು ನಾನು. ಗಾಡಿ ನನ್ನ ಮುಂದೆಯೇ ಹೊರಗೆ ಹೋಯಿತು.

ಅವರು ಹೊಗೆ ಕಂಡ ಕಡೆಗೆ ಹೋಗಿದ್ದರು, ಯಾರ ಕಣಜ ಎಂದು ನಾನು ಕೇಳಿರಲೇ ಇಲ್ಲ. ಇಷ್ಟು ವರ್ಷ ಯಾರ ಮನೆ ಎಂದು ಗೊತ್ತಾಗುತ್ತಿದ್ದುದೇ ನನಗೆ ನರಕವಾಗಿತ್ತು, ಗೊತ್ತಿಲ್ಲದೆ ನಿಂತಿರುವುದು ಅದಕ್ಕಿಂತ ಕೆಟ್ಟದ್ದೆಂದು ಆಗ ತಿಳಿಯಿತು. ರೇಡಿಯೊಗೆ ಕಿವಿ ಕೊಟ್ಟೆ, ಗೊರಗೊರ ಬಿಟ್ಟು ಬೇರೇನೂ ಇಲ್ಲ. ಡಾರ್ಲಾ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಇಷ್ಟು ವರ್ಷ ಹೀಗೇ ನಿಂತಿದ್ದಳಲ್ಲ, ಒಂದು ದಿನವೂ ನಾನು ಅದನ್ನು ಕೇಳಿದವನಲ್ಲ. ಕಾರಿನ ಬೀಗದಕೈ ನನ್ನ ಜೇಬಿನಲ್ಲೇ ಇತ್ತು. ಎರಡು ದಿನ ರಜ ಉಳಿದಿತ್ತು. ಬೇಕೆಂದರೆ ಆ ಸಂಜೆಯೇ ಸಮುದ್ರ ನೋಡಬಹುದಿತ್ತು. ತೆರೆದ ಬಾಗಿಲಿನ ಗೆರೆ ದಾಟಿ ನನ್ನ ಕಾಲು ಹೊರಗೆ ಬರಲಿಲ್ಲ.

ಹೊತ್ತು ಇಳಿಯುವಾಗ ಗಾಡಿ ಬಂತು. ಓರಿ ಇಳಿದ. ವೆಂಡೆಲ್ ಇಳಿದ. ಮೂರನೆಯವನು ಕಾಣಲೆಂದು ನಾನು ಗಾಡಿಯ ಬಾಗಿಲನ್ನೇ ನೋಡುತ್ತಾ ನಿಂತೆ. ಡಾಯ್ಲ್ ಕೊನೆಗೆ ಇಳಿದ, ಮುಖವೆಲ್ಲ ಮಸಿ, ಮೈಯೆಲ್ಲ ನೀರು. ನನ್ನನ್ನು ನೋಡಿ ನಿಂತ.

"ನೀನಿನ್ನೂ ಹೋಗಿಲ್ವೇನೋ?"

"ಎಲ್ಲಿಗೆ?" ಎಂದೆ.