ನಾನೂರ ಎಂಬತ್ತೇಳು ಗೆಲುವು

ಲಿಫ್ಟ್ ತಪಾಸಕನಿಗೆ ಈ ಲೋಕದಲ್ಲಿ ಪೂರ್ತಿ ನಂಬಿಕೆ ಇದ್ದದ್ದು ಮೂರೇ ಜೀವಗಳ ಮೇಲೆ. ಆ ಮೂರೂ ಅವನ ಅಂಗೈಯಗಲದ ಗೇಮ್ ಯಂತ್ರದೊಳಗೆ ಇದ್ದವು.

ದೈತ್ಯ ಪ್ರಾಣಿಗಳನ್ನು ಸಾಕಿ, ಪಳಗಿಸಿ, ಕಾದಾಡಿಸುವ ಆಟ ಅದು. ಅದರ ಕೊನೆಯಲ್ಲೊಂದು ಗೋಪುರ. ಮೂರು ಪ್ರಾಣಿಗಳ ತಂಡ ಕಟ್ಟಿಕೊಂಡು ಒಳಗೆ ಹೋದರೆ ಯಂತ್ರವೇ ಒಬ್ಬರಾದ ಮೇಲೊಬ್ಬರಂತೆ ಎದುರಾಳಿಗಳನ್ನು ಕಳಿಸುತ್ತದೆ. ಗೆದ್ದಷ್ಟೂ ಎಣಿಕೆ ಏರುತ್ತದೆ. ಒಂದೇ ಒಂದು ಸಲ ಸೋತರೂ ಮುಗಿಯಿತು, ಮತ್ತೆ ಸೊನ್ನೆಯಿಂದ ಶುರು. ಸತತ ಐನೂರು ಗೆದ್ದವರ ಹೆಸರನ್ನು ಆಟದ ಹುಚ್ಚರೆಲ್ಲ ಸೇರಿ ಒಂದು ಜಾಲತಾಣದಲ್ಲಿ ಪಟ್ಟಿ ಮಾಡಿಟ್ಟಿದ್ದರು. ಆ ಪಟ್ಟಿಯಲ್ಲಿ ಹತ್ತೊಂಬತ್ತು ಜನರಿದ್ದರು. ಇಪ್ಪತ್ತನೆಯವನಾಗುವುದು ತಪಾಸಕನ ಆಸೆ.

ತಂಡ ಕಟ್ಟಲು ಅವನಿಗೆ ಒಂದು ವರ್ಷ ಹಿಡಿದಿತ್ತು. ಮೊದಲು ಕಣಕ್ಕಿಳಿಯುವ ಮಣ್ಣುಬಣ್ಣದ ಆಮೆಗೆ ಗುಮಾಸ್ತ ಎಂದು ಹೆಸರಿಟ್ಟಿದ್ದ. ಎದುರಿಗೆ ಯಾರೇ ಬರಲಿ, ಅವರ ಕೆಲಸ ನಿಧಾನ ಮಾಡಿಸುವುದೇ ಅದರ ಕಸುಬು. ಎರಡನೆಯದು ಕತ್ತರಿ ಎಂಬ ಹಾರುವ ಚೇಳು. ಎದುರಾಳಿ ತೂಕಡಿಸುತ್ತಿರುವಾಗ ಅದು ಮೂರು ಸಲ ತನ್ನ ಕೊಂಡಿ ಮಸೆದುಕೊಂಡು, ಆಮೇಲೆ ಒಂದೇ ಏಟಿಗೆ ಕೆಡವುತ್ತಿತ್ತು. ಮೂರನೆಯದು ಬೀಗ, ಕಬ್ಬಿಣದ ಚಿಪ್ಪಿನ ಒಂದು ಮುದ್ದೆ. ಅದು ಯಾರನ್ನೂ ಹೊಡೆಯುತ್ತಿರಲಿಲ್ಲ, ಸುಲಭಕ್ಕೆ ಸಾಯುತ್ತಲೂ ಇರಲಿಲ್ಲ.

ಕತ್ತರಿಯೊಂದಕ್ಕಾಗಿಯೇ ಅವನು ಮುನ್ನೂರ ಹನ್ನೆರಡು ಮೊಟ್ಟೆಗಳನ್ನು ಮರಿ ಮಾಡಿಸಿ, ವೇಗ ಒಂದು ಗುಲಗಂಜಿ ಕಡಿಮೆಯಿದ್ದದ್ದನ್ನೆಲ್ಲ ಹಿಂದಕ್ಕೆ ಕಳಿಸಿದ್ದ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿ ಒಮ್ಮೆ ಕೇಳಿದ್ದಳು: “ಅಲ್ಲಾರೀ, ಈ ಮನೆ ತಗೊಳ್ಳೋವಾಗ ಎರಡೇ ಮನೆ ನೋಡಿದ್ರಿ. ಚೇಳಿಗೆ ಇಷ್ಟೊಂದು ಹುಡುಕಾಟವಾ?”

“ಮನೆ ಯಾರ ಹತ್ರಾನೂ ಜಗಳ ಆಡ್ಬೇಕಾಗಿಲ್ವಲ್ಲ” ಎಂದಿದ್ದ.

ನಾನೂರ ಎಂಬತ್ತೇಳನೆಯ ಕಾದಾಟದಲ್ಲಿ ಸೋಲು ಹೊಸ್ತಿಲಿಗೆ ಬಂದಿತ್ತು. ಗುಮಾಸ್ತ ಬಿದ್ದಿತ್ತು, ಬೀಗ ಬಿದ್ದಿತ್ತು, ಕತ್ತರಿಗೆ ಉಸಿರು ಹಿಡಿಯಷ್ಟಿತ್ತು. ಎದುರಾಳಿಯ ಏಟು ಗುರಿ ತಪ್ಪಿ ಪಕ್ಕಕ್ಕೆ ಹೋಗಿ, ಅವನು ಹೇಗೋ ಗೆದ್ದ. ಗೆದ್ದವನು ಯಂತ್ರವನ್ನು ಮೇಜಿನ ಮೇಲಿಟ್ಟ. ನಲವತ್ತು ದಿನ ಆಟ ಮುಟ್ಟಲಿಲ್ಲ. ಜಾಲತಾಣದಲ್ಲಿ ಗೆಳೆಯರು ಎಲ್ಲಿಗೆ ಬಂತು ಎಂದು ಕೇಳಿದರೆ “ಕೆಲಸ ಜಾಸ್ತಿ” ಎಂದು ಬರೆಯುತ್ತಿದ್ದ. ನಿಜಕ್ಕೂ ಅವನಿಗೆ ಇನ್ನು ಸೋಲದ ಉಪಾಯವೊಂದು ಸಿಕ್ಕಿಬಿಟ್ಟಿತ್ತು, ಆಡದೇ ಇರುವುದು. ದಿನಾ ಬೆಳಿಗ್ಗೆ ಚಾರ್ಜಿಗೆ ಹಾಕಿ, ಎಣಿಕೆ ಅಲ್ಲೇ ಇದೆಯೇ ಎಂದು ನೋಡಿ, ಕೆಲಸಕ್ಕೆ ಹೋಗುತ್ತಿದ್ದ.

ಆ ಹೊತ್ತಿಗೇ ಅತ್ತೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಗಳ ಮನೆಗೆ ಬಂದರು. ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಮಾಡಿ, ಹೆಡ್ ನರ್ಸ್ ಆಗಿ ನಿವೃತ್ತರಾದವರು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸೋಫಾದ ಮೇಲೆ ಕಾಲು ಚಾಚಿಕೊಂಡು, ಗೋಡೆಯ ಬಿರುಕುಗಳನ್ನೆಲ್ಲ ಎರಡೆರಡು ಸಲ ಎಣಿಸಿ ಮುಗಿಸಿದ್ದರು.

ಒಂದು ಸಂಜೆ ತಪಾಸಕ ಮನೆಗೆ ಬಂದು ಶೂ ಬಿಚ್ಚುತ್ತಾ ನೋಡಿದರೆ ಯಂತ್ರ ಅತ್ತೆಯ ಮಡಿಲಲ್ಲಿತ್ತು.

“ಅತ್ತೆ, ಅದನ್ನ... ಮುಟ್ಟಿದ್ರಾ?”

“ಆಡಿದೆ ಅಳಿಯಂದ್ರೇ. ಹೊತ್ತು ಹೋಗ್ಲಿಲ್ಲ.”

ಅವನು ಒಂದು ಶೂ ಕಾಲಲ್ಲೇ ಇದ್ದಂತೆ ಬಂದು ಪರದೆ ನೋಡಿದ. ಐನೂರ ಹನ್ನೊಂದು ಎಂದಿತ್ತು. ಅತ್ತೆ ಇಪ್ಪತ್ತನಾಲ್ಕು ಕಾದಾಟ ಆಡಿದ್ದರು, ಇಪ್ಪತ್ತನಾಲ್ಕೂ ಗೆದ್ದಿದ್ದರು.

“ಎಲ್ಲಾ ಗೆದ್ರಾ?” ಎಂದ.

“ಗೆದ್ದೆ ಅಂತ ಅದೇ ಹೇಳ್ತು. ಸೋಲೋದು ಹೇಗೆ ಅಂತ ನಂಗೆ ಗೊತ್ತಾಗ್ಲಿಲ್ಲಪ್ಪ.”

ಅತ್ತೆ ಸೋತಿದ್ದರೆ ಅವನು ದುಃಖಪಡಬಹುದಿತ್ತು. ಊಟ ಬಿಡಬಹುದಿತ್ತು, ವಾರ ಮಾತು ಬಿಡಬಹುದಿತ್ತು, ಹೆಂಡತಿಯ ಸಮಾಧಾನದ ಮಾತು ಕೇಳಬಹುದಿತ್ತು. ಗೆದ್ದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಎಂದು ತಿಳಿಯದೆ ಹೋಗಿ ಮುಖ ತೊಳೆದುಕೊಂಡ. ಯಾರ ಕೈಗೆ ಕೊಟ್ಟರೂ ಗೆಲ್ಲುವ ತಂಡ ಕಟ್ಟಿದ್ದಕ್ಕೆ ಹೆಮ್ಮೆಪಡಬೇಕೆಂದು ಕನ್ನಡಿಗೆ ಹೇಳಿಕೊಂಡ. ಕನ್ನಡಿಯೊಳಗಿನವನು ಒಪ್ಪಿದಂತೆ ಕಾಣಲಿಲ್ಲ.

ಎರಡು ದಿನ ಹೊಯ್ದಾಡಿ, ಕೊನೆಗೆ ಪರದೆಯ ಚಿತ್ರವನ್ನೂ ಯಂತ್ರ ಉಳಿಸಿಟ್ಟಿದ್ದ ಕೊನೆಯ ಕಾದಾಟಗಳ ವಿಡಿಯೊಗಳನ್ನೂ ಪಟ್ಟಿಯ ಉಸ್ತುವಾರಿಗೆ ಕಳಿಸಿದ. ಆಡಿದ್ದು ಯಾರು ಎಂದು ತಾಣದ ಅರ್ಜಿಯಲ್ಲಿ ಎಲ್ಲೂ ಕೇಳಿರಲಿಲ್ಲ. ಇಪ್ಪತ್ತನೆಯ ಹೆಸರು ಪಟ್ಟಿ ಸೇರಿತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಐನೂರ ಮೂರನೆಯ ಕಾದಾಟದ ವಿಡಿಯೊ ನೋಡಿ ಉಸ್ತುವಾರಿ ಹುಚ್ಚೆದ್ದು ಹೋದ. ಕತ್ತರಿ ಮೂರು ಸಲ ಮಸೆದುಕೊಂಡು ತಯಾರಾಗಿದೆ. ಒಂದು ಏಟು ಕೊಟ್ಟರೆ ಗೆಲುವು. ಅಂಥ ಹೊತ್ತಲ್ಲಿ ಆಟಗಾರ ಅದನ್ನು ಹಿಂದಕ್ಕೆ ಕರೆದು ಬೀಗವನ್ನು ಮುಂದೆ ಬಿಟ್ಟಿದ್ದಾನೆ. ಮರುಗಳಿಗೆಯಲ್ಲಿ, ಏಟು ಬೀಳುವ ಮೊದಲೇ, ಎದುರಿನ ಪ್ರಾಣಿ ತನ್ನನ್ನೇ ಸಿಡಿಸಿಕೊಂಡು ಸತ್ತಿದೆ. ಕತ್ತರಿ ಅಲ್ಲಿದ್ದಿದ್ದರೆ ಅದೂ ಬೂದಿಯಾಗುತ್ತಿತ್ತು, ಹೊಡೆಯುವವರಿಲ್ಲದೆ ಆಟವೂ ಮುಗಿಯುತ್ತಿತ್ತು. ಈ ದೂರದೃಷ್ಟಿಯನ್ನು ಹೊಗಳಿ ಉಸ್ತುವಾರಿ ಎರಡು ಪುಟ ಬರೆದ. ಉಳಿದವರು ಕೋಷ್ಟಕ ಹಾಕಿದರು, ಸಂಭವನೀಯತೆ ಲೆಕ್ಕ ಹಾಕಿದರು. ದಯವಿಟ್ಟು ಆ ನಡೆಯ ಹಿಂದಿನ ಆಲೋಚನೆ ತಿಳಿಸಿ ಎಂದು ದುಂಬಾಲು ಬಿದ್ದರು.

ಆಲೋಚನೆ ಸೋಫಾದ ಮೇಲೆ ಕೂತು ಮೊಣಕಾಲಿಗೆ ಐಸ್ ಇಟ್ಟುಕೊಂಡಿತ್ತು. ತಪಾಸಕ ವಿಡಿಯೊ ತೋರಿಸಿ ಕೇಳಿದ: “ಅತ್ತೆ, ಇಲ್ಲಿ ಕತ್ತರೀನ ಯಾಕೆ ವಾಪಸ್ ಕರೆದ್ರಿ?”

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಓ, ಇದಾ. ಪಾಪ, ಏದುಸಿರು ಬಿಡ್ತಿತ್ತು. ಒಬ್ಬರ ಕೈಲೇ ಮೂರು ಪಾಳಿ ಮಾಡಿಸಿದ್ರೆ ಕೈ ನಡುಗೋಕೆ ಶುರುವಾಗುತ್ತೆ. ಹೋಗಿ ಕೂತ್ಕೋ ಅಂದೆ. ಆ ದಪ್ಪಗಿರೋದು ಬೆಳಿಗ್ಗೆಯಿಂದ ಸುಮ್ನೆ ಕೂತಿತ್ತಲ್ಲ, ಅದನ್ನ ಎಬ್ಬಿಸಿದೆ.”

“ಎದುರಿನದು ಸಿಡಿಯುತ್ತೆ ಅಂತ ಗೊತ್ತಿತ್ತಾ?”

“ಸಿಡೀತಾ? ಸೀನ್ತು ಅಂದ್ಕೊಂಡಿದ್ದೆ.”

ತಪಾಸಕನಿಗೆ ಮೂರು ದಿನ ಕೆಲಸದ ಮೇಲೆ ಗಮನ ನಿಲ್ಲಲಿಲ್ಲ. ತಾನು ಹತ್ತಿ ಇಳಿಯದ ಲಿಫ್ಟಿಗೆ ಅವನು ಇದುವರೆಗೆ ಸಹಿ ಹಾಕಿದವನಲ್ಲ. ನಾಲ್ಕನೆಯ ದಿನ ಕೂತು, ಇದ್ದದ್ದನ್ನು ಇದ್ದ ಹಾಗೆ ಜಾಲತಾಣದಲ್ಲಿ ಬರೆದ: ಐನೂರ ಮೂರನ್ನು ಆಡಿದ್ದು ನಾನಲ್ಲ, ನಮ್ಮತ್ತೆ. ಚೇಳಿಗೆ ಸುಸ್ತಾಗಿದೆ ಎಂದು ಅವರು ರಜೆ ಕೊಟ್ಟರು.

ಸಂಜೆಯೊಳಗೆ ನೂರಾರು ಜನ ನಕ್ಕಿದ್ದರು. ಇಂಥ ಆಟಗಾರನಿಗೆ ಇಂಥ ಹಾಸ್ಯಪ್ರಜ್ಞೆಯೂ ಇದೆಯೇ ಎಂದು ಬೆರಗಾದರು. ತಮಾಷೆಯಲ್ಲ, ನಿಜವಾಗಿಯೂ ಅತ್ತೆಯೇ ಎಂದು ಮತ್ತೆ ಬರೆದ. ವಿನಯಕ್ಕೂ ಮಿತಿ ಬೇಕು ಎಂದು ಉಸ್ತುವಾರಿ ಪ್ರೀತಿಯಿಂದ ಗದರಿದ. ವಾರ ಕಳೆಯುವುದರೊಳಗೆ, ಗೆಲ್ಲುವ ಹೊತ್ತಲ್ಲಿ ಪ್ರಾಣಿಯನ್ನು ಹಿಂದಕ್ಕೆ ಕರೆಯುವ ತಂತ್ರಕ್ಕೆ ‘ಅತ್ತೆ ನಡೆ’ ಎಂದೇ ಹೆಸರು ಬಿತ್ತು. ಅದನ್ನು ನಂಬಿ ಆಡಿದ ಹಲವರು ಹತ್ತು ಹದಿನೈದಕ್ಕೇ ಸೋತು, ಅತ್ತೆ ನಡೆ ನಮ್ಮಂಥವರಿಗೆ ಎಟಕುವುದಲ್ಲ ಎಂದು ಒಪ್ಪಿಕೊಂಡರು.

ಹೆಂಡತಿ ಇದನ್ನೆಲ್ಲ ಓದಿ ಹೇಳಿದಾಗ ಅತ್ತೆ ಅಷ್ಟೇನೂ ಖುಷಿಪಡಲಿಲ್ಲ. “ಬರೀ ಅತ್ತೆ ಅಂದ್ರೆ ಯಾರತ್ತೆ ಅಂತ ತಿಳ್ಕೋಬೇಕು? ಹೆಡ್ ನರ್ಸ್ ಅಂತ ಹಾಕ್ಸೋಕಾಗಲ್ವಾ?”

“ಅಮ್ಮ, ನೀನಿದ್ದೀಯ ಅಂತಾನೇ ಅವರು ನಂಬ್ತಿಲ್ಲ.”

ಆ ಭಾನುವಾರ ಊಟವಾದ ಮೇಲೆ ತಪಾಸಕ ಯಂತ್ರ ಕೈಗೆತ್ತಿಕೊಂಡ. ಐನೂರ ಹನ್ನೆರಡನ್ನು ತಾನೇ ಆಡಬೇಕೆಂದು ನಿರ್ಧರಿಸಿದ್ದ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅತ್ತೆ. ಪಕ್ಕದಲ್ಲಿ ಲೆಕ್ಕದ ಹಾಳೆಗಳು. ಒಂದು ಹಂತದಲ್ಲಿ ಹೊಡೆಯಬೇಕೋ ಹಿಂದಕ್ಕೆ ಕರೆಯಬೇಕೋ ಎಂದು ಹನ್ನೊಂದು ನಿಮಿಷ ಲೆಕ್ಕ ಹಾಕಿದ. ನೂರರಲ್ಲಿ ತೊಂಬತ್ತಾರು ಪಾಲು ಹೊಡೆಯುವುದೇ ಸರಿ ಎಂದು ಬಂತು. ಹೊಡೆದ. ಏಟು ತಪ್ಪಿತು. ಮುಂದಿನ ಎರಡು ನಿಮಿಷದಲ್ಲಿ ಕತ್ತರಿ ಬಿತ್ತು, ಗುಮಾಸ್ತ ಬಿತ್ತು, ಬೀಗ ತನ್ನ ಸ್ವಭಾವದಂತೆ ಬಹಳ ಹೊತ್ತು ಒದ್ದಾಡಿ ಬಿತ್ತು. ಎಣಿಕೆ ಸೊನ್ನೆಯಾಯಿತು.

ಆಮೇಲೆ ಅತ್ತೆ ಕೇಳಿದರು: “ಲೆಕ್ಕ ಸರಿ ಇತ್ತಾ?”

“ಸರಿಯಾಗೇ ಇತ್ತು ಅತ್ತೆ.”

“ಮತ್ತೆ ನಿಮ್ಮ ತಪ್ಪೇನು ಬಂತು. ನಮ್ ವಾರ್ಡಲ್ಲೂ ಹಾಗಾಗೋದು. ಸ್ವಲ್ಪ ಆ ಕಡೆ ಸರೀರಿ, ಕಾಲು ಚಾಚ್ಬೇಕು.”

ಅವನು ಸರಿದ. ಅಳು ಬರಬಹುದೆಂದು ಕಾದ, ಬರಲಿಲ್ಲ. ನಲವತ್ತು ದಿನ ಹೆಗಲ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದಂತಾಗಿ, ಹೊಟ್ಟೆ ತುಂಬ ಉಂಡಿದ್ದರೂ ಮತ್ತೆ ಹಸಿವಾಯಿತು. ಸ್ವಲ್ಪ ಹೊತ್ತು ಬಿಟ್ಟು ಯಂತ್ರವನ್ನು ಅತ್ತೆಯ ಕಡೆ ಚಾಚಿದ.

“ಒಂದನೇದು ನೀವು ಆಡ್ತೀರಾ?”

“ಒಂದನೇದು ಸುಲಭ ಅಲ್ವಾ?”

“ಹೂಂ, ತುಂಬಾ ಸುಲಭ.”

“ಹಾಗಾದ್ರೆ ನೀವೇ ಆಡಿ” ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು.